ಊದುಬತ್ತಿ ತಾಗಿದ ಛತ್ರಿ

ಆಂಧ್ರದ ಗಡಿಯೊಳಗಿನ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡೊಂದರಲ್ಲಿ, ಬಾಹ್ಯಾಕಾಶದ ಅಂಚಿನಿಂದ ಇಳಿಯುವ ಪೆಟ್ಟಿಗೆಗೆ ಪ್ಯಾರಾಚೂಟ್ ಹೊಲಿದೆವು ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ. ನಗು ಮುಗಿದ ಮೇಲೆ ಅವರಿಗೆ ನಾನು ಹೇಳುವುದು ಇಷ್ಟೇ: ನೀವು ತೊಟ್ಟ ಜೀನ್ಸಿನ ಕಾಲಿನ ಹೊಲಿಗೆಯನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳಿ. ಬಟ್ಟೆಯ ಎರಡು ಅಂಚುಗಳು ಒಂದರೊಳಗೊಂದು ಮಡಚಿಕೊಂಡು, ಮೇಲೆ ಎರಡು ಸಾಲು ದಾರ ಓಡಿರುತ್ತದೆ. ಪ್ಯಾರಾಚೂಟಿನ ಮುಖ್ಯ ಹೊಲಿಗೆಯೂ ಅದೇ. ಬಟ್ಟೆ ಬೇರೆ, ದಾರ ಬೇರೆ, ಹೊಲಿಗೆ ಅದೇ. ಆ ಹೊಲಿಗೆಯನ್ನು ಕಣ್ಣು ಮುಚ್ಚಿ ಹಾಕುವ ಕೈಗಳು ರಾಯದುರ್ಗದ ಬೀದಿಬೀದಿಯಲ್ಲಿವೆ.

ಕೆಲಸ ಕೊಟ್ಟದ್ದು ಒಂದು ಖಾಸಗಿ ಕಂಪನಿ. ಅವರು ಸಣ್ಣ ರಾಕೆಟ್ ಕಟ್ಟುತ್ತಿದ್ದರು. ಗ್ಯಾಸ್ ಸಿಲಿಂಡರಿನಷ್ಟಿದ್ದ ಒಂದು ಪೆಟ್ಟಿಗೆ ಪ್ರಯೋಗದ ಸಾಮಾನು ಹೊತ್ತು ಮೇಲೆ ಹೋಗಿ, ಕೆಲವು ನಿಮಿಷ ಇದ್ದು, ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯಬೇಕು. ರಾಕೆಟ್ ಕಂಪನಿಯದು, ಹಾರಿಸುವ ಕಟ್ಟೆ ಸರ್ಕಾರದ್ದು, ಹಾರಿಸಲು ಒಪ್ಪಿಗೆ ಕೊಡುವುದೂ ಸರ್ಕಾರದ ಕಚೇರಿ. ಪ್ಯಾರಾಚೂಟನ್ನು ಸರ್ಕಾರಿ ಕೇಂದ್ರದಲ್ಲೇ ಹೊಲಿಸೋಣವೆಂದರೆ ಅಲ್ಲಿ ಸರದಿ ಉದ್ದ. ಹೊರದೇಶದಿಂದ ತರಿಸೋಣವೆಂದರೆ ಕಾಗದಪತ್ರದ ಸರದಿ ಇನ್ನೂ ಉದ್ದ. ಕೊನೆಗೆ ಕಂಪನಿಯವರು ರಾಯದುರ್ಗದ ಒಂದು ಶೆಡ್ಡಿನಲ್ಲಿ ನಾಲ್ಕು ಮಷಿನ್ ಬೇರೆ ಮಾಡಿಸಿ, ಗಾಜಿನ ಗೋಡೆ ಕಟ್ಟಿಸಿ, ಕೆಲಸ ಶುರು ಮಾಡಿದರು.

ಅದರ ಮೇಲ್ವಿಚಾರಣೆಗೆ ಬಂದವಳು ನಾನು. ಸರ್ಕಾರಿ ಕೇಂದ್ರವೊಂದರ ಬಟ್ಟೆ ವಿಭಾಗದಲ್ಲಿ ಗುತ್ತಿಗೆಯ ಮೇಲೆ ದುಡಿದಿದ್ದೆ. ಸೂಜಿ ಮುರಿದರೆ ಅದರ ಅಷ್ಟೂ ತುಂಡು ಸಿಗುವ ತನಕ ಯಾರೂ ಕುರ್ಚಿಯಿಂದ ಏಳಬಾರದು ಎಂಬಂಥ ನಿಯಮಗಳು ನನ್ನ ಮೈಗೆ ಹತ್ತಿದ್ದವು. ಕಂಪನಿಗೆ ಬೇಕಾಗಿದ್ದುದೂ ಅದೇ. ಹೊಲಿಗೆಗೆ ಒಂದು ಕೈಪಿಡಿ ಬರೆಯಿರಿ ಎಂದರು, ಬರೆದೆ. ಒಂದು ಇಂಚಿಗೆ ಎಷ್ಟು ಹೊಲಿಗೆ, ಸೂಜಿಯನ್ನು ಎಷ್ಟು ಹೊತ್ತಿಗೆ ಬದಲಿಸಬೇಕು, ಬಟ್ಟೆಯ ಮೇಲೆ ಸೀಮೆಸುಣ್ಣ ತಾಗಬಾರದು, ಎಣ್ಣೆಯ ಕೈ ತಾಗಬಾರದು, ಬಳೆ ತಾಗಬಾರದು. ಕನ್ನಡದಲ್ಲಿ ಬರೆದು ಪಕ್ಕದಲ್ಲೇ ತೆಲುಗಿನಲ್ಲೂ ಬರೆದೆ. ಏನೂ ಬಿಟ್ಟಿಲ್ಲ ಅಂದುಕೊಂಡಿದ್ದೆ. ಆ ಸೊಕ್ಕು ನನಗಿತ್ತು, ಒಪ್ಪಿಕೊಳ್ಳುತ್ತೇನೆ.

ನಾಲ್ವರು ಹೊಲಿಯುತ್ತಿದ್ದರು. ಅವರಲ್ಲಿ ಹಿರಿಯರು ಡಿ. ಹಿರೇಹಾಳಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ, ಐವತ್ತು ದಾಟಿದ ಹೆಂಗಸು. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಹಿರೇಹಾಳಕ್ಕ ಎನ್ನುತ್ತಿದ್ದರು. ಬಳ್ಳಾರಿಯ ಜೀನ್ಸ್ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಎರಡು ಸೂಜಿಯ ಮಷಿನ್ ಓಡಿಸಿದವರು. ಮನೆಯಲ್ಲಿ ಊರವರ ಸೀರೆಗೆ ಫಾಲ್ ಹಚ್ಚಿ, ರವಿಕೆ ಹೊಲಿದು ಕೊಡುವವರು. ಮೊದಲ ವಾರ ನನ್ನ ಕೈಪಿಡಿಯನ್ನು ಓದಿಸಿಕೊಂಡು ಕೇಳಿ, ‘ಬಳಿ ತಗೀಬೇಕಂತ ಬರದೀರಿ, ಸರಿ. ಉಸಿರಾಡಬೌದೇನ್ರಿ, ಅದನ್ನೂ ಬರದೀರೇನು?’ ಎಂದಿದ್ದರು.

‘ಉಸಿರಾಡಕ್ಕ, ಆದ್ರೆ ಬಟ್ಟೆ ಮ್ಯಾಕೆ ಸೀನ್‌ಬ್ಯಾಡ,’ ಎಂದೆ.

‘ನಿಮ್ಮ ಶಿರಾ ಕಡಿ ಮಾತು ಕೇಳಿದ್ರ ಜಗಳಕ್ಕ ಬಂದಂಗ ಇರ್ತೈತ್ರಿ,’ ಎಂದು ಅವರು ನಕ್ಕರು. ನನ್ನ ಊರು ಮಡಕಶಿರಾ ಹತ್ತಿರದ ಗುಡಿಬಂಡೆಯ ಕಡೆ. ಒಂದೇ ಜಿಲ್ಲೆಯಾಗಿದ್ದರೂ ನಮ್ಮ ಕನ್ನಡ ಒಂದು ದಾರಿ, ಅವರದು ಒಂದು ದಾರಿ. ಇಬ್ಬರಿಗೂ ಸಿಟ್ಟು ಬಂದರೆ ತೆಲುಗು.

ಹೊಲಿಯುವಾಗಲೇ ಬಟ್ಟೆಗೆ ನಮ್ಮದೇ ಹೆಸರುಗಳು ಬಂದವು. ಪ್ಯಾರಾಚೂಟ್ ಎಂಬುದು ಛತ್ರಿಯಾಯಿತು. ಅದರ ಹನ್ನೆರಡು ತುಂಡುಗಳು ಕಿತ್ತಳೆಯ ತೊಳೆಯ ಆಕಾರದಲ್ಲಿದ್ದುದರಿಂದ ಅವು ತೊಳೆಗಳಾದವು. ಗಾಳಿ ಹೊರಹೋಗಲು ನಡುವೆ ಬಿಡುವ ಕಂಡಿ ನೆತ್ತಿಯಾಯಿತು. ನೈಲಾನ್ ಬಟ್ಟೆ ಬಹಳ ತೆಳು. ಫ್ಯಾನು ಹಾಕಿದರೆ ಹಾರುತ್ತದೆ, ಹಾಕದಿದ್ದರೆ ಬೆವರು ಬಟ್ಟೆಗೆ ಬೀಳುತ್ತದೆ. ರಾಯದುರ್ಗದ ಗಾಳಿ ಎಂಥದೆಂದು ಸುತ್ತಲಿನ ಗಾಳಿಯಂತ್ರಗಳೇ ಹೇಳುತ್ತವೆ. ಆ ಗಾಳಿಗೆ ಹಗರಿ ಹೊಳೆಯ ಮರಳಿನ ಹುಡಿ ಸಂದಿಗೊಂದಿಯಲ್ಲೂ ನುಗ್ಗುತ್ತಿತ್ತು. ಒಂದು ಮರಳಿನ ಹರಳು ಮಡಿಕೆಯೊಳಗೆ ಕೂತರೆ ಎಳೆದಾಗ ನೂಲನ್ನು ಕೊಯ್ಯುತ್ತದೆ. ಕಿಟಕಿಗಳಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿ, ಕಾಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಅವರು ಹೊಲಿದರು. ಐದು ವಾರಕ್ಕೆ ಮೊದಲ ಛತ್ರಿ ಮುಗಿಯಿತು.

ಒಪ್ಪಿಗೆ ಕೊಡುವ ಕಚೇರಿಯಿಂದ ತಪಾಸಣಾಧಿಕಾರಿ ಬಂದರು. ಕರಾವಳಿ ಕಡೆಯ ತೆಲುಗಿನವರು, ನಿವೃತ್ತಿಗೆ ಹತ್ತಿರದವರು, ತಮ್ಮ ಕೆಲಸ ಬಲ್ಲವರು. ನನ್ನ ಕಾಗದಗಳನ್ನು ಒಂದು ಇಡೀ ದಿನ ಓದಿದರು. ಒಂದು ಕಡೆ ಸಹಿಯ ಪಕ್ಕ ತಾರೀಖು ಇಲ್ಲದ್ದನ್ನು ಹಿಡಿದರು. ಛತ್ರಿಯನ್ನು ಮೇಜಿನ ಮೇಲೆ ಹರಡಿದ್ದೆವು. ಅದರ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಕಾಗದಕ್ಕೆ ಮೊಹರು ಒತ್ತಿದರು. ಕಂಪನಿಯ ಯೋಜನಾ ಮುಖ್ಯಸ್ಥರೂ ಬೆಂಗಳೂರಿನಿಂದ ಬಂದಿದ್ದರು. ಅವರು ಛತ್ರಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕಾಗದದ ಮೇಲೆ ಇಬ್ಬರದೂ ಸಹಿ ಬಿತ್ತು. ಅದನ್ನು ಮಡಚಿ ಚೀಲಕ್ಕೆ ತುಂಬುವುದೊಂದು ಬಾಕಿ ಉಳಿಯಿತು.

ಮಡಚುವ ಕೆಲಸಕ್ಕೆ ಶೆಡ್ಡಿನ ಮೇಜು ಸಾಲದೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೊರಗಿನ ವರಾಂಡಕ್ಕೆ ತಂದೆವು. ಇಬ್ಬರು ಎರಡು ತುದಿ ಹಿಡಿದು ಎತ್ತಿದರು. ಸೂರ್ಯ ಬಟ್ಟೆಯ ಆಚೆಗಿದ್ದ. ನಾನು ಈಚೆ ನಿಂತು ನೋಡುತ್ತಿದ್ದೆ. ಏಳನೆಯ ತೊಳೆಯ ಹೊಲಿಗೆಯ ಪಕ್ಕದಲ್ಲಿ ಒಂದು ಬೆಳಕಿನ ಚುಕ್ಕಿ ಕಂಡಿತು. ಸೂಜಿಯ ತೂತಿಗಿಂತ ದೊಡ್ಡದು. ಅದರ ಕೆಳಗೆ ಇನ್ನೊಂದು. ಅಂಚಿನಲ್ಲಿ, ಹಗ್ಗ ಕಟ್ಟುವ ಜಾಗದಲ್ಲಿ, ಸಾಲಾಗಿ ಮೂರು. ಎಣಿಸುತ್ತ ಹೋದೆ. ಮೂವತ್ತೇಳು ಇದ್ದವು.

ಬೆರಳಾಡಿಸಿದರೆ ಪ್ರತಿಯೊಂದರ ಪಕ್ಕದಲ್ಲೂ ಸಾಸಿವೆಗಿಂತ ಸಣ್ಣ ಗಟ್ಟಿ ಗಂಟು. ದಾರದ ತುದಿ ಕರಗಿ ಗಂಟಾಗಿತ್ತು. ಯಾರೋ ಸುಟ್ಟಿದ್ದರು. ದಾರ ಮುಗಿದು ಹೊಸ ಬಾಬಿನ್ ಹಾಕಿದ ಕಡೆ, ಹೊಲಿಗೆ ಕೊನೆಯಾದ ಕಡೆ, ಅಂದರೆ ದಾರದ ತುದಿ ಎಲ್ಲೆಲ್ಲಿ ಹೊರಗೆ ಉಳಿಯುತ್ತದೋ ಅಲ್ಲೆಲ್ಲ ಇತ್ತು. ಕತ್ತರಿಯಲ್ಲಿ ಕತ್ತರಿಸಬೇಕು ಎಂದು ಬರೆದಿದ್ದೆ. ಕತ್ತರಿಸಿಯೂ ಇದ್ದರು. ಕತ್ತರಿಸಿದ ಮೇಲೆ ಸುಟ್ಟಿದ್ದರು.

‘ಯಾರಕ್ಕಾ ಇದನ್ನ ಸುಟ್ಟಿರೋದು?’ ಎಂದು ಕೇಳಿದೆ.

ಹಿರೇಹಾಳಕ್ಕ ಒಂದು ಗಳಿಗೆಯೂ ತಡೆಯಲಿಲ್ಲ. ‘ನಾನಾ ಸುಟ್ಟೀನ್ರಿ. ಯಾಕ, ಚಂದ ಆಗಿಲ್ಲೇನು?’

ದಿನಾ ಬೆಳಿಗ್ಗೆ ಮಷಿನ್‌ಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗುವುದು ಅವರ ರೂಢಿ. ಅದನ್ನು ನಾನೂ ನೋಡಿದ್ದೆ, ಕೈಮುಗಿದೂ ಇದ್ದೆ. ಬೆಳಗಿದ ಮೇಲೆ ಊದುಬತ್ತಿಯನ್ನು ಮಷಿನ್ನಿನ ಹಿಂದಿನ ಆಲೂಗಡ್ಡೆಗೆ ಚುಚ್ಚಿ ಇಡುತ್ತಿದ್ದರು. ಅದು ಉರಿದು ಮುಗಿಯುವುದರೊಳಗೆ ಹಿಂದಿನ ದಿನದ ಹೊಲಿಗೆಯ ದಾರದ ತುದಿಗಳಿಗೆಲ್ಲ ಅದರ ಕೆಂಡವನ್ನು ಒಮ್ಮೆ ಮುಟ್ಟಿಸಿ ಬರುತ್ತಿದ್ದರು. ನೈಲಾನ್ ಸೀರೆಯ ಫಾಲಿಗೆ ಹಳ್ಳಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ತುದಿ ಕರಗಿ ಕೂತರೆ ಎಳೆ ಬಿಚ್ಚುವುದಿಲ್ಲ. ಜೀನ್ಸಿಗೆ ಅಷ್ಟು ಮುತುವರ್ಜಿ ಅವರು ಮಾಡಿದವರಲ್ಲ. ಇದು ಮೇಲೆ ಹೋಗುವ ವಸ್ತು, ಆಕಾಶಕ್ಕೆ ಹೋಗುವಾಗ ಎಳೆ ನೇತಾಡಬಾರದು ಎಂದು ಇಷ್ಟು ನಾಜೂಕು ಮಾಡಿದ್ದರು. ಸರ್ಕಾರಿ ಕೇಂದ್ರದಲ್ಲಿ ಊದುಬತ್ತಿ ಹಿಡಿದು ಹೊಲಿಗೆಯ ಮೇಜಿಗೆ ಬಂದವರನ್ನು ನಾನು ಕಂಡಿರಲಿಲ್ಲ. ಹಾಗಾಗಿ ನನ್ನ ಕೈಪಿಡಿಯಲ್ಲಿ ಬೆಂಕಿಯ ಮಾತೇ ಇರಲಿಲ್ಲ.

ಕೆಂಡ ದಾರದ ಜೊತೆಗೆ ಪಕ್ಕದ ಬಟ್ಟೆಯನ್ನೂ ಕರಗಿಸಿ ತೂತುಮಾಡಿದ್ದನ್ನು ಬಿಸಿಲಿಗೆ ಹಿಡಿದು ತೋರಿಸಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಂಪನಿಗೂ ಕಚೇರಿಗೂ ಫೋನ್ ಮಾಡಿ, ನಮ್ಮ ಛತ್ರಿಯನ್ನು ನಾನೇ ತಡೆಹಿಡಿದಿದ್ದೇನೆ ಎಂದು ತಿಳಿಸಿದೆ.

ಅವರು ಬರುವುದರೊಳಗೆ ಒಂದು ಪರೀಕ್ಷೆ ಮಾಡಿಕೊಂಡೆ. ಉಳಿದ ಬಟ್ಟೆಯ ಚೂರುಗಳ ಮೇಲೆ ಹಿರೇಹಾಳಕ್ಕನಿಂದಲೇ ಅದೇ ಹೊಲಿಗೆ ಹಾಕಿಸಿದೆ. ಅರ್ಧದಷ್ಟನ್ನು ಊದುಬತ್ತಿಯಿಂದ ಸುಡಿಸಿದೆ, ಅರ್ಧವನ್ನು ಹಾಗೇ ಬಿಟ್ಟೆ. ಪ್ರತಿ ಚೂರಿನ ಎರಡು ತುದಿಯನ್ನೂ ಮರದ ಪಟ್ಟಿಯೊಳಗೆ ಬಿಗಿದು, ಒಂದು ತುದಿಯನ್ನು ಶೆಡ್ಡಿನ ತೊಲೆಗೆ ತೂಗುಹಾಕಿ, ಇನ್ನೊಂದು ತುದಿಗೆ ಶೇಂಗಾ ತುಂಬುವ ಚೀಲ ಕಟ್ಟಿ, ಅದಕ್ಕೆ ತೂಗಿದ ಮರಳಿನ ಗಂಟುಗಳನ್ನು ಒಂದೊಂದಾಗಿ ಹಾಕುತ್ತ ಹೋದೆವು. ಸುಡದವು ಆರನೆಯ ಗಂಟಿನವರೆಗೆ ತಡೆದವು. ಸುಟ್ಟವುಗಳಲ್ಲಿ ಕೆಲವು ಆರಕ್ಕೂ ತಡೆದವು, ಕೆಲವು ನಾಲ್ಕಕ್ಕೆ ಬಿರಿದವು. ಒಂದು ಮೂರಕ್ಕೇ ಪರ್‍ರೆಂದು ಹರಿಯಿತು. ಎಲ್ಲವೂ ಹರಿದಿದ್ದರೆ ನನಗೆ ನೆಮ್ಮದಿಯಿರುತ್ತಿತ್ತು. ಯಾವುದು ತಡೆಯುತ್ತದೆ, ಯಾವುದು ಇಲ್ಲ ಎಂದು ಹೇಳಲು ಬಾರದಂತಾಯಿತು.

ಮಾರನೆಯ ದಿನ ಇಬ್ಬರೂ ಬಂದರು. ಗಾಜಿನ ಗೋಡೆಯ ಈಚೆ ಮೂರು ಕುರ್ಚಿ ಹಾಕಿಕೊಂಡು ಕೂತೆವು. ಗೋಡೆಯ ಆಚೆ ನಾಲ್ವರು ಹೊಲಿಗೆಯವರು ಕೆಲಸವಿಲ್ಲದೆ ನಮ್ಮನ್ನೇ ನೋಡುತ್ತ ನಿಂತಿದ್ದರು.

ಕಂಪನಿಯ ಮುಖ್ಯಸ್ಥರು ನನ್ನ ಮರಳಿನ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದರು. ‘ಮೇಡಂ, ಸರಾಸರಿ ತಗೊಂಡ್ರೆ ನಾವು ಸೇಫ್ ಆಗೇ ಇದೀವಿ. ಈ ಬಟ್ಟೇಲಿ ಚೌಕ ಚೌಕವಾಗಿ ದಪ್ಪ ಎಳೆ ಇದೆ, ಹರಿದ್ರೂ ಅಲ್ಲೇ ನಿಲ್ಲುತ್ತೆ. ಇದ್ದ ಹಾಗೇ ಒಪ್ಕೊಂಡಿದೀನಿ ಅಂತ ಬರೆದು ಸಹಿ ಹಾಕಿ. ರಾಕೆಟ್ ಹಾರಿಸೋ ಡೇಟ್ ಹೋದ್ರೆ ಮತ್ತೆ ಯಾವಾಗ ಸಿಗುತ್ತೋ ಗೊತ್ತಿಲ್ಲ.’

‘ಸರಾಸರಿ ಹರಿಯಲ್ಲ ಸಾರ್,’ ಎಂದೆ. ‘ಹರಿಯೋದು ಯಾವುದಾದ್ರೂ ಒಂದೇ ಒಂದು ಹೊಲಿಗೆ.’

ಅಧಿಕಾರಿಗಳ ಸಂಕಟ ಬೇರೆ. ‘ಪಾಸ್ ಅಯಿಂದಿ ಕದಮ್ಮಾ, ಮಳ್ಳೀ ಎಂದುಕು ವಿಪ್ಪಾರು?’ ಎಂದರು. ಪಾಸಾದ ವಸ್ತುವನ್ನು ನಾನು ಮತ್ತೆ ಬಿಚ್ಚಿದ್ದೇ ಅವರ ದೂರು. ಮೊಹರು ಅವರದಲ್ಲವೇ. ಆಮೇಲೆ ಕನ್ನಡಕ್ಕೆ ತಿರುಗಿ, ತಪಾಸಣೆಯ ನಂತರ ಹಾನಿಯಾಗಿದೆ ಎಂದು ವರದಿ ಬರೆದುಬಿಡಿ, ಅದೇ ಎಲ್ಲರಿಗೂ ಒಳ್ಳೆಯದು ಎಂದರು. ಇಂಥ ಕೆಲಸವನ್ನು ಇಂಥ ಕಡೆಗೆ ಕೊಡಬಾರದು ಎಂದು ಮೊದಲಿಂದಲೂ ಹೇಳುತ್ತಿದ್ದೇನೆ, ಸರ್ಕಾರದ ಒಳಗೇ ಆಗಬೇಕಾದ್ದು ಇದು ಎಂದೂ ಸೇರಿಸಿದರು.

‘ಒಳಗೇ ಆಗ್ಲಿ ಅಂತ ಕಾದಿದ್ರೆ ನಾವು ಇನ್ನೂ ಕಾಯ್ತಾನೇ ಇರ್ತಿದ್ವಿ,’ ಎಂದರು ಕಂಪನಿಯವರು. ಅಲ್ಲಿಂದ ಮಾತು ಎಲ್ಲಿಗೆಲ್ಲಿಗೋ ಹೋಯಿತು. ಮುಂದಿನ ಕಾಲ ಯಾರದು, ಚಂದ್ರನ ಮೇಲೆ ಯಾರ ಪೆಟ್ಟಿಗೆ ಮೊದಲು ಇಳಿಯಬೇಕು, ಹೊರದೇಶಗಳಲ್ಲಿ ಖಾಸಗಿಯವರು ಎಲ್ಲಿಗೆ ಮುಟ್ಟಿದ್ದಾರೆ, ಜನರ ತೆರಿಗೆಯಲ್ಲಿ ಕಲಿತ ವಿದ್ಯೆಯನ್ನು ಯಾರ ಕೈಗೆ ಕೊಡುತ್ತಿದ್ದಾರೆ. ಟಿವಿ ಚರ್ಚೆ ಶೆಡ್ಡಿಗೇ ಬಂದಂತಿತ್ತು. ಎದುರಿನ ಮೇಜಿನ ಮೇಲೆ ಮೂವತ್ತೇಳು ತೂತಿನ ಛತ್ರಿ ಬಿದ್ದುಕೊಂಡಿತ್ತು. ಅದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಬೇಕೆಂದು ಇಬ್ಬರಿಗೂ ಅನಿಸಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾದರು. ಸುಟ್ಟವರು ಯಾರು?

ನಮ್ಮ ಕಾಗದಗಳಲ್ಲಿ ಹೊಲಿಗೆಯವರಿಗೆ ಹೆಸರಿಲ್ಲ, ನಂಬರು. ‘ಆಪರೇಟರ್ ಮೂರು,’ ಎಂದೆ. ನಂಬರು ಸಾಲದು ಎಂದರು ಅಧಿಕಾರಿಗಳು. ತಪ್ಪಿನ ವರದಿಯಲ್ಲಿ ಹೊಣೆಗಾರರ ಪೂರ್ತಿ ಹೆಸರು ಇರಬೇಕು, ಹೆಸರು ಬಂದವರು ಇನ್ನು ಈ ಕೆಲಸವನ್ನು ಮುಟ್ಟುವಂತಿಲ್ಲ. ಕಂಪನಿಯವರೂ ತಲೆಯಾಡಿಸಿದರು. ಒಬ್ಬ ಹೆಂಗಸನ್ನು ಮಷಿನ್‌ನಿಂದ ಎಬ್ಬಿಸಿ ಕಳಿಸಿದರೆ ಕಡತ ಮುಗಿಯುತ್ತದೆ, ತಾರೀಖು ಉಳಿಯುತ್ತದೆ. ಸರ್ಕಾರ ಮತ್ತು ಖಾಸಗಿಯವರ ನಡುವೆ ಅಂಥ ಒಗ್ಗಟ್ಟನ್ನು ನಾನು ಮತ್ತೆಂದೂ ಕಂಡಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಆ ಹೊತ್ತಿಗೆ ನೆನಪಾದದ್ದು ಸರ್ಕಾರಿ ಕೇಂದ್ರದಲ್ಲಿ ನನಗೆ ಬಾಯಿಪಾಠವಾಗಿದ್ದ ಒಂದು ನಿಯಮ: ತಿರಸ್ಕರಿಸಿದ ವಸ್ತುವನ್ನು ಹಾರಿಸುವಂತಿಲ್ಲ, ಆದರೆ ಹಾಳುಮಾಡಿ ನೋಡುವ ಪರೀಕ್ಷೆಗೆ ಬಳಸಬಹುದು. ಅದನ್ನು ಅಧಿಕಾರಿಗಳ ಮುಂದೆ ಹೇಳಿದೆ. ಅವರು ಹುಬ್ಬು ಗಂಟಿಕ್ಕಿದರು, ಆದರೆ ಅಲ್ಲ ಎನ್ನಲಾಗಲಿಲ್ಲ. ಕಂಪನಿಯವರು ಗುಡಿಬಂಡೆಯ ಆಚೆಯ ಬೀಳುನೆಲದಲ್ಲಿ, ದೊಡ್ಡ ಡ್ರೋನಿನಿಂದ ಛತ್ರಿಯನ್ನು ಬೀಳಿಸಿ ನೋಡಲು ಎರಡು ವಾರದಾಚೆಗೆ ಒಂದು ದಿನ ಮೊದಲೇ ಗೊತ್ತುಮಾಡಿದ್ದರು.

‘ಸಹಿ ನಾನು ಹಾಕಲ್ಲ,’ ಎಂದೆ. ‘ಇದ್ದ ಹಾಗೇ ಒಪ್ಪಿದೀನಿ ಅಂತಲೂ ಹಾಕಲ್ಲ, ತಪಾಸಣೆ ಆದ್ಮೇಲೆ ಹಾಳಾಯ್ತು ಅಂತಲೂ ಹಾಕಲ್ಲ. ಸುಟ್ಟ ಛತ್ರೀನೇ ಮೊದಲು ಬೀಳ್ಸಿ. ಅಷ್ಟರೊಳಗೆ ಹೊಸದೊಂದು ಹೊಲೀತೀವಿ, ಅದನ್ನೂ ಬೀಳ್ಸಿ. ಸಾರ್, ನಿಮ್ಮ ಸರಾಸರಿ ನೋಡಿದಂಗಾಯ್ತು. ಸಾರ್, ನಿಮ್ಮ ಮೊಹರು ನೋಡಿದಂಗಾಯ್ತು.’

‘ಎರಡು ವಾರದಲ್ಲಿ? ಮೊದಲನೆಯದಕ್ಕೆ ಐದು ವಾರ ಆಗಿತ್ತು. ಯಾರು ಹೊಲಿಯೋದು?’ ಎಂದು ಕಂಪನಿಯವರು ಕೇಳಿದರು.

‘ಅವರೇ. ಮೂರನೇ ನಂಬರೂ ಸೇರಿ.’

ಆಗುವುದಿಲ್ಲ ಎಂದರು ಇಬ್ಬರೂ. ಹೊಣೆಗಾರರು ಎಂಬ ಕಡೆ ನಾನು ನನ್ನ ಹೆಸರು ಬರೆದೆ. ಬೆಂಕಿ ಮುಟ್ಟಿಸಬಾರದು ಎಂದು ಕೈಪಿಡಿಯಲ್ಲಿ ಇಲ್ಲ, ಕೈಪಿಡಿ ಬರೆದವಳು ನಾನು, ಬೇಕಾದರೆ ನನ್ನನ್ನು ತೆಗೆಯಿರಿ ಎಂದೆ. ನನ್ನನ್ನು ತೆಗೆದರೆ ಹೊಸಬರು ಬಂದು ಕಾಗದ ಕಲಿಯಲು ತಿಂಗಳುಗಳೇ ಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ ಎದ್ದರು.

ನಾನು ಗೆದ್ದ ಮುಖ ಮಾಡಿಕೊಂಡು ಗೋಡೆಯ ಆಚೆ ಹೋಗಿ ಹೇಳಿದರೆ, ಹಿರೇಹಾಳಕ್ಕ ನನ್ನ ಮೇಲೇ ತಿರುಗಿಬಿದ್ದರು.

‘ನನ್ ತಪ್ಪು ನೀವ್ಯಾಕ ಹೊತ್ಗಂತೀರಿ? ನಾನೇನು ಸಣ್ಣ ಕೂಸೇನ್ರಿ?’

‘ಅಕ್ಕಾ, ಹೆಸ್ರು ಬಿದ್ರೆ ನಿನ್ನ ಕೆಲಸದಿಂದ ತೆಗೀತಾರೆ.’

‘ತಗೀಲಿ ನೋಡೂಣು. ಸುಟ್ಟಾಕಿ ನಾನು. ನನ್ ಹೆಸ್ರು ಬರೀರಿ. ಬರದು, ಯಾಕ ಸುಟ್ಲು ಅನ್ನಾದೂ ಬರೀರಿ. ಆಮ್ಯಾಲ ಹೊಸಾದು ನಾನಾ ಹೊಲೀತೀನಿ. ಹೆಸ್ರು ಮುಚ್ಚಿಟ್ಗಂಡು ಕಳ್ಳಿ ಹಂಗ ಮಷಿನ್ ಮುಂದ ಕುಂದ್ರಾಕ ನನ್ ಕೈಲಾಗಂಗಿಲ್ಲ.’

ನನಗೆ ನಾಚಿಕೆಯಾಯಿತು. ಅವರನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು, ನಾನೂ ಅವರನ್ನು ಲೆಕ್ಕದಿಂದ ಅಳಿಸಿಹಾಕಿದ್ದೆ. ವರದಿಯನ್ನು ಬದಲಿಸಿದೆ. ನನ್ನ ಹೆಸರಿನ ಕೆಳಗೆ ಅವರ ಹೆಸರು ಬರೆದೆ, ಊದುಬತ್ತಿಯ ಸಂಗತಿಯನ್ನು ಪೂರ್ತಿ ಬರೆದೆ. ಕಾರಣ ಇಷ್ಟು ಸ್ಪಷ್ಟವಾಗಿ ತಿಳಿದವರಿಂದಲೇ ಮುಂದಿನದನ್ನು ಹೊಲಿಸುತ್ತಿದ್ದೇನೆ, ಬೇಡವೆನ್ನುವವರು ಲಿಖಿತವಾಗಿ ಹೇಳಿ ಎಂದು ಕೊನೆಗೆ ಸೇರಿಸಿದೆ. ಲಿಖಿತವಾಗಿ ಯಾರೂ ಏನೂ ಹೇಳಲಿಲ್ಲ. ಹಾಗೆ ಬರೆದರೆ ಉತ್ತರ ಬರುವುದಿಲ್ಲ ಎಂಬುದನ್ನೂ ನಾನು ಕಲಿತದ್ದು ಸರ್ಕಾರಿ ಕೇಂದ್ರದಲ್ಲೇ.

ಎರಡನೆಯ ಛತ್ರಿ ಸುಲಭವಾಗಿ ಆಗಲಿಲ್ಲ. ಮೂರನೆಯ ದಿನ ದಾರದ ಬಿಗಿ ತಪ್ಪಿ ಒಂದು ತೊಳೆ ಪೂರ್ತಿ ಸುಕ್ಕು ಬಿತ್ತು. ಬಿಚ್ಚಿ ಅದೇ ತೂತುಗಳ ಮೇಲೆ ಮತ್ತೆ ಹೊಲಿದರೆ ಬಟ್ಟೆ ಜರಡಿಯಾಗುತ್ತದೆ. ಆ ತೊಳೆಯನ್ನು ಎಸೆದು ಹೊಸದು ಕತ್ತರಿಸಿದೆವು. ಐದನೆಯ ದಿನ ಮಧ್ಯಾಹ್ನದ ಗಾಳಿಗೆ ಕಿಟಕಿಯ ಗೋಣಿ ಕಿತ್ತುಹೋಗಿ ಶೆಡ್ಡಿನೊಳಗೆಲ್ಲ ಮರಳಾಯಿತು. ಹೊಲಿದಷ್ಟನ್ನೂ ಹೊರಗೆ ತಂದು, ನಾಲ್ವರೂ ಮೊಣಕಾಲೂರಿ, ಮಡಿಕೆಮಡಿಕೆಯನ್ನೂ ಮೆತ್ತನೆಯ ಬ್ರಷ್ಷಿನಿಂದ ಗುಡಿಸಿದರು. ಇಡೀ ಒಂದು ದಿನ ಅದಕ್ಕೇ ಹೋಯಿತು. ಬಾಬಿನ್ ಮುಗಿಯುವ ಜಾಗ ಅಂಚಿನ ಹತ್ತಿರ ಬಾರದ ಹಾಗೆ, ಹೊಲಿಗೆ ಶುರುಮಾಡುವ ಮುನ್ನವೇ ದಾರ ಅಳೆದು ತುಂಬುವ ಉಪಾಯವನ್ನು ಹಿರೇಹಾಳಕ್ಕ ತೆಗೆದರು. ಅದರಿಂದ ನಡುವಿನ ತುದಿಗಳೇ ಇಲ್ಲದಂತಾದವು. ಸರ್ಕಾರಿ ಕೇಂದ್ರದಲ್ಲಿ ಅಷ್ಟು ವರ್ಷ ಇದ್ದ ನನಗೆ ಅದು ಹೊಳೆದಿರಲಿಲ್ಲ.

ಊದುಬತ್ತಿಯನ್ನು ನಾನು ಬೇಡ ಎನ್ನಲಿಲ್ಲ. ಅದನ್ನು ಶೆಡ್ಡಿನ ಹೊರಬಾಗಿಲಲ್ಲಿ ಬೆಳಗಿ ಒಳಗೆ ಬರುವುದೆಂದು ಅವರೇ ಗೊತ್ತುಮಾಡಿಕೊಂಡರು. ‘ಯಂತ್ರದಾಗಿರಾ ದೇವ್ರಿಗೆ ಹೊರಗಿಂದಾನೂ ಮುಟ್ಟತೈತಿ ಬಿಡ್ರಿ,’ ಎಂದರು. ಒಂದೊಂದು ತೊಳೆ ಮುಗಿದಾಗಲೂ ಅದನ್ನು ಬಿಸಿಲಿಗೆ ಹಿಡಿದು ನೋಡುವ ಹೊಸ ನಿಯಮವನ್ನು ಕೈಪಿಡಿಗೆ ಸೇರಿಸಿದೆ. ನೋಡುತ್ತಿದ್ದುದು ನಾನಲ್ಲ, ಅವರು. ಕೈ ಪಳಗಿದ್ದರಿಂದಲೂ ಕತ್ತಲಾದರೂ ಏಳದೆ ಹೊಲಿದದ್ದರಿಂದಲೂ ಹದಿಮೂರನೆಯ ದಿನ ಛತ್ರಿ ಮುಗಿಯಿತು.

ಮಾರನೆಯ ಬೆಳಿಗ್ಗೆ ಬೇಗ ಹೊರಟು ಕಲ್ಯಾಣದುರ್ಗದ ದಾರಿಯಲ್ಲಿ ಮಡಕಶಿರಾ ದಾಟಿ ಗುಡಿಬಂಡೆಯ ಬಯಲಿಗೆ ಬಂದೆವು. ವ್ಯಾನಿನ ಹಿಂದೆ ಎರಡು ಛತ್ರಿ, ಮುಂದೆ ನಾನು ಮತ್ತು ಹಿರೇಹಾಳಕ್ಕ. ಹೊಲಿಗೆಯವರು ಬರುವ ಅಗತ್ಯವಿಲ್ಲ ಎಂದು ಕಂಪನಿ ಹೇಳಿತ್ತು. ವ್ಯಾನಿನಲ್ಲಿ ಜಾಗವಿದೆ ಎಂದು ನಾನು ಹೇಳಿದ್ದೆ. ನಮ್ಮ ಕಡೆಯ ಹಿಪ್ಪುನೇರಳೆಯ ತೋಟ ಕಂಡು ಅವರು, ‘ನಿಮ್ ಕಡಿ ರೇಷ್ಮಿ ಬೆಳೀತೀರಿ, ಮಾತು ಮಾತ್ರ ಹಿಂಗ ಯಾಕ್ರಿ?’ ಎಂದು ಕಾಡಿಸಿದರು.

ಪೆಟ್ಟಿಗೆಯಷ್ಟೇ ತೂಕದ ಒಂದು ಕಬ್ಬಿಣದ ಕೊಳವೆಗೆ ಮೊದಲು ಸುಟ್ಟ ಛತ್ರಿಯನ್ನು ಕಟ್ಟಿದರು. ಡ್ರೋನು ಅದನ್ನು ಎತ್ತಿಕೊಂಡು ಕಣ್ಣಿಗೆ ಚುಕ್ಕಿಯಾಗುವಷ್ಟು ಮೇಲೆ ಹೋಯಿತು. ಬಿಟ್ಟಿತು. ಒಂದೆರಡು ಗಳಿಗೆ ಕೊಳವೆ ಬರೀ ಬೀಳುತ್ತಿತ್ತು. ಆಮೇಲೆ ಛತ್ರಿ ಚಟಾರೆಂದು ಬಿಚ್ಚಿಕೊಂಡಿತು. ಪೂರ್ತಿ ದುಂಡಗೆ ತುಂಬಿಕೊಂಡಿತು. ಕಂಪನಿಯವರು ನನ್ನ ಕಡೆ ತಿರುಗಿ ನಕ್ಕರು. ಅವರು ಮತ್ತೆ ಮೇಲೆ ನೋಡುವುದರೊಳಗೆ ಏಳನೆಯ ತೊಳೆ ಅಂಚಿನಿಂದ ನೆತ್ತಿಯವರೆಗೆ ಸೀಳಿತ್ತು. ಅದರ ಪಕ್ಕದ್ದೂ ಹರಿಯಿತು. ಕೊಳವೆ ಓಲಾಡುತ್ತ ಬಂದು ನೆಲಕ್ಕೆ ಬಡಿದ ಸದ್ದು ನಮ್ಮ ಕಾಲಡಿಗೆ ಮುಟ್ಟಿತು. ಅರ್ಧ ಕೊಳವೆ ಮಣ್ಣಿನೊಳಗಿತ್ತು.

ಕೊಳವೆಯನ್ನು ಅಗೆದು ತೆಗೆದರು. ಎರಡನೆಯದನ್ನು ಕಟ್ಟಿದರು. ಹಿರೇಹಾಳಕ್ಕ ನನ್ನ ಮುಂಗೈ ಹಿಡಿದುಕೊಂಡಿದ್ದರು. ಉಗುರು ಒಳಗಿಳಿಯುವಷ್ಟು ಬಿಗಿಯಾಗಿ ಹಿಡಿದಿದ್ದರು. ಬಿಟ್ಟರು, ಬಿತ್ತು, ಬಿಚ್ಚಿಕೊಂಡಿತು. ನಾನು ತೊಳೆಗಳನ್ನು ಎಣಿಸುತ್ತಿದ್ದೆ. ಹನ್ನೆರಡೂ ಇದ್ದವು. ಗಾಳಿಗೆ ಸ್ವಲ್ಪ ಪಡುವಣಕ್ಕೆ ವಾಲುತ್ತ, ಆತುರವಿಲ್ಲದೆ ಇಳಿದು, ಕೊಯ್ದುಬಿಟ್ಟ ರಾಗಿಯ ಕೂಳೆಗಳ ನಡುವೆ ಕೊಳವೆಯನ್ನು ನೆಟ್ಟಗೆ ಕೂರಿಸಿತು. ಹಿರೇಹಾಳಕ್ಕ ಅಳುತ್ತಿದ್ದರು. ನಾನೂ ಅತ್ತೆ, ಮರೆಮಾಡಲಿಲ್ಲ.

ಅತ್ತು ಮುಗಿಸುವುದರೊಳಗೆ ಜಗಳ ಶುರುವಾಗಿತ್ತು. ಖಾಸಗಿಯವರ ಆತುರ ಏನು ಮಾಡುತ್ತದೆ ಎಂಬುದಕ್ಕೆ ಮೊದಲನೆಯದೇ ಸಾಕ್ಷಿ ಎಂದರು ಅಧಿಕಾರಿಗಳು. ಅದಕ್ಕೆ ಮೊಹರು ಒತ್ತಿದವರು ಯಾರು ಎಂದರು ಕಂಪನಿಯವರು. ಎರಡನೆಯದು ಸರ್ಕಾರದ ನಿಯಮದಿಂದ ಉಳಿಯಿತು ಎಂದರು ಇವರು. ಕಂಪನಿಯ ವೇಗದಿಂದ ಆಯಿತು ಎಂದರು ಅವರು.

‘ಸಾಕು ಮಾಡ್ರಪ್ಪ,’ ಎಂದೆ. ಇಷ್ಟು ವರ್ಷದಲ್ಲಿ ಮೇಲಿನವರ ಮುಂದೆ ಮೊದಲ ಸಲ ನನ್ನ ಊರಿನ ಮಾತೇ ಬಾಯಿಗೆ ಬಂತು. ‘ನೀವು ಕಾಗ್ದ ನೋಡಿದ್ರಿ, ಇವ್ರು ತಾರೀಖು ನೋಡಿದ್ರು. ಬಟ್ಟೆ ಯಾರೂ ನೋಡ್ಲಿಲ್ಲ ಕಣ್ರಿ. ಆಕಾಶ ನಿಮ್ದೋ ಅವ್ರದೋ ನಂಗೊತ್ತಿಲ್ಲ. ಅಲ್ಲಿಂದ ಇಳಿಯೋ ಪೆಟ್ಟಿಗೆ ಈ ಹೊಲಿಗೆ ಮ್ಯಾಲೆ ನಿಂತೈತೆ. ಮೊದ್ಲು ಸಹಿ ಹಾಕಿ.’

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿದರು. ತಯಾರಿಸಿದವರು ಎಂಬ ಕಡೆ ಕಂಪನಿಯ ಹೆಸರು ಮೊದಲೇ ಅಚ್ಚಾಗಿತ್ತು, ಪರಿಶೀಲಿಸಿದವರು ಎಂಬ ಕಡೆ ಸರ್ಕಾರದ ಕಚೇರಿಯದು. ಹಿರೇಹಾಳಕ್ಕ ನನ್ನ ಹೆಗಲ ಮೇಲಿಂದ ಇಣುಕಿ, ಇದರಲ್ಲಿ ಏನು ಬರೆದಿದೆ ಓದಿರಿ ಎಂದರು. ಓದಿದೆ.

‘ನಾನೆಲ್ಲಿ ಅದೀನ್ರಿ ಇದರಾಗ?’

ಆಪರೇಟರ್ ಮೂರು ಎಂದು ಒಳಗಿನ ಹಾಳೆಯಲ್ಲಿದೆ ಎಂದರು ಅಧಿಕಾರಿಗಳು, ಸಮಾಧಾನದ ದನಿಯಲ್ಲಿ.

‘ಅಲ್ರಿ ಸಾರ್,’ ಎಂದರು ಹಿರೇಹಾಳಕ್ಕ. ದನಿ ಏರಿರಲಿಲ್ಲ. ‘ಸುಟ್ಟಾಗ ನಂಬರ್ ಸಾಲದು, ಹೆಸ್ರು ಬೇಕು ಅಂದ್ರಿ. ಕೊಟ್ನಿ. ಹರದ ಛತ್ರಿಗೆ ನನ್ ಹೆಸ್ರೈತಿ. ಇಳದ ಛತ್ರಿಗೆ ಯಾರ ಹೆಸ್ರು?’

ಅದಕ್ಕೆ ಈ ಕಾಗದದಲ್ಲಿ ಜಾಗ ಇಲ್ಲ ಎಂದರು ಅಧಿಕಾರಿಗಳು. ನಮೂನೆ ಬದಲಿಸುವ ಅಧಿಕಾರ ನಮಗಿಲ್ಲ ಎಂದರು ಕಂಪನಿಯವರು. ನಾನು ಚೀಲದಿಂದ ಸ್ಕೇಲು ತೆಗೆದು, ಅವರಿಬ್ಬರ ಸಹಿಯ ಜಾಗಕ್ಕಿಂತ ಮೇಲೆ ನಾಲ್ಕು ಗೆರೆ ಎಳೆದೆ. ಪೆನ್ನನ್ನು ಹಿರೇಹಾಳಕ್ಕನ ಕೈಗೆ ಕೊಟ್ಟೆ. ಅವರು ಬಾನೆಟ್ಟಿಗೆ ಮೊಣಕೈ ಊರಿ, ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಬರೆದರು. ಮಿಕ್ಕ ಮೂವರ ಹೆಸರನ್ನು ಅವರು ಹೇಳಿದಂತೆ ನಾನು ಬರೆದೆ. ಆಮೇಲೆ ಸರ್ಕಾರವೂ ಖಾಸಗಿಯೂ ಒಬ್ಬರ ಹಿಂದೆ ಒಬ್ಬರಂತೆ ಕೆಳಗೆ ಸಹಿ ಹಾಕಿದರು. ಇಳಿದ ಛತ್ರಿಯನ್ನು ಅಷ್ಟರಲ್ಲಿ ವ್ಯಾನಿಗೆ ಏರಿಸಿಯಾಗಿತ್ತು, ಸಹಿ ಹಾಕದಿದ್ದರೆ ಅದನ್ನು ಇಳಿಸಿಕೊಡುವುದಿಲ್ಲ ಎಂದು ಹೇಳಿದ್ದೆ.

ಈ ಬರಹದಲ್ಲಿ ಯಾರ ಹೆಸರನ್ನೂ ನಾನು ಹಾಕಿಲ್ಲ. ಕಂಪನಿ ಬೇಡ ಎಂದಿತು, ಕಚೇರಿಯವರೂ ಬೇಡ ಎಂದರು, ನನ್ನದು ಇದ್ದರೂ ಇಲ್ಲದಿದ್ದರೂ ಅಷ್ಟೇ. ಒಂದನ್ನು ಮಾತ್ರ ಬಿಡಬಾರದೆಂದು ನನಗೆ ಅಪ್ಪಣೆಯಾಗಿದೆ. ಆ ಕಾಗದದ ಮೊದಲ ಗೆರೆಯಲ್ಲಿ ಹೀಗಿದೆ: ಹೊಲಿದಾಕಿ, ವನ್ನೂರಮ್ಮ, ಡಿ. ಹಿರೇಹಾಳ್.